ಬೋಟಿನ ಡೆಕ್‌ಗೆ ಯಾವ ಹೊದಿಕೆ? ಮಳೆಗಾಲವೇ ದುರಸ್ತಿ ಕಾಲವಾದ ಕರಾವಳಿಯ ಪೇಚು

ಶಿರಸಿ ತಾಲೂಕಿನ ಹೆಗಡೆಕಟ್ಟಾ ಸುತ್ತಲಿನ ಅಡಿಕೆ ತೋಟಗಳಲ್ಲಿ ಮೇ ತಿಂಗಳ ಕೊನೆಯ ವಾರವೆಂದರೆ ಬಿಡುವಿಲ್ಲದ ದಿನಗಳು. ಮುಂಗಾರು ಹಿಡಿಯುವುದರೊಳಗೆ ಕೊನೆಗಳಿಗೆ ಕೊಳೆ ಔಷಧಿ ತಾಗಬೇಕು. ಮೈಲುತುತ್ತ, ಸುಣ್ಣ, ಅಂಟಿಗೆಂದು ಬೆರೆಸಿದ ರಾಳ ಇವಿಷ್ಟೂ ಒಣ ಕಾಯಿಯ ಮೇಲೆ ಬಿದ್ದು, ಅಲ್ಲಿಯೇ ಒಣಗಿದರೆ ಮಾತ್ರ ಬೆಳೆಗೆ ರಕ್ಷಣೆ. ಮಳೆ ಹಿಡಿದ ಮೇಲೆ ಎಷ್ಟು ಸಿಂಪಡಿಸಿದರೂ ಅಷ್ಟಕ್ಕಷ್ಟೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ಕಾಲದಿಂದಲೂ ಈ ನಿಯಮ ಬದಲಾಗಿಲ್ಲ. ಆದ್ದರಿಂದಲೇ ಆ ದಿನಗಳಲ್ಲಿ ಕೊನೆಗೌಡರಿಗೆ ಎಲ್ಲಿಲ್ಲದ ಬೇಡಿಕೆ.

ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿ, ತದಡಿ ಬಂದರಿಗೆ ಹೋದರೆ ಇದಕ್ಕೆ ತದ್ವಿರುದ್ಧವಾದ ದೃಶ್ಯ. ಮೇ 31ರ ವರೆಗೆ ಬೋಟುಗಳು ಸಮುದ್ರದಲ್ಲಿಯೇ ಇರುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನಾಭಿವೃದ್ಧಿಗೆ ಅವಕಾಶ ನೀಡುವ ಈ ಕ್ರಮದ ಬಗ್ಗೆ ತಕರಾರಿಲ್ಲ. ಆದರೆ ಬೋಟು ದಡ ಸೇರುವುದು, ಮಾಲೀಕನಿಗೆ ದುರಸ್ತಿಗೆ ಪುರಸೊತ್ತು ಸಿಗುವುದು ಆ ಎರಡು ತಿಂಗಳುಗಳಲ್ಲಿ ಮಾತ್ರ. ಕರಾವಳಿಯ ವಾರ್ಷಿಕ ಮಳೆಯ ಅರ್ಧಕ್ಕೂ ಹೆಚ್ಚು ಪಾಲು ಸುರಿಯುವುದೂ ಅದೇ ಎರಡು ತಿಂಗಳುಗಳಲ್ಲಿ. ಘಟ್ಟದ ಮೇಲಿನ ರೈತ ಮಳೆಗೆ ಮುನ್ನ ಮುಗಿಸುವ ಕೆಲಸವನ್ನು ಘಟ್ಟದ ಕೆಳಗಿನ ಮೀನುಗಾರ ಮಳೆಯಲ್ಲಿಯೇ ಆರಂಭಿಸಬೇಕಾಗಿದೆ.

ಬೋಟಿನ ಮೇಲ್ಹಾಸು, ಅಂದರೆ ಡೆಕ್, ಹೊಸದಾಗಿ ಹೊದಿಸುವಾಗ ಯಾವ ವಸ್ತು ಹೆಚ್ಚು ಬಾಳಿಕೆ ಬರುತ್ತದೆ ಎಂಬ ಪ್ರಶ್ನೆ ಪ್ರತಿವರ್ಷವೂ ಬೈತ್‌ಕೋಲ್‌ನಿಂದ ಭಟ್ಕಳದ ವರೆಗೆ ಕೇಳಿಬರುತ್ತದೆ. ತೇಗದ ಹಲಗೆಯೇ, ಫೈಬರ್ ಹೊದಿಕೆಯೇ, ಉಕ್ಕಿನ ತಗಡೇ ಎಂದು ಚರ್ಚೆ ನಡೆಯುತ್ತದೆ. ಅಂಗಡಿಯವರು ಒಂದು ಹೇಳಿದರೆ ಬಡಗಿಗಳು ಇನ್ನೊಂದು ಹೇಳುತ್ತಾರೆ. ವಸ್ತು ಯಾವುದಾದರೂ ಅದನ್ನು ಹಚ್ಚುವ ದಿನ ಒಣ ದಿನವೇ ಎಂಬ ಇನ್ನೊಂದು ಪ್ರಶ್ನೆ ಮಾತ್ರ ಈ ಚರ್ಚೆಯಲ್ಲಿ ಹಿಂದೆ ಬೀಳುತ್ತದೆ.

ಕೊಳೆಸುವುದು ಸಿಹಿನೀರು

ಬೋಟನ್ನು ಹಾಳುಮಾಡುವುದು ಸಮುದ್ರದ ಉಪ್ಪುನೀರು ಎಂಬುದು ಸಾಮಾನ್ಯ ನಂಬಿಕೆ. ಬೋಟಿನ ತಳದ ಮಟ್ಟಿಗೆ ಇದು ನಿಜ. ಮರ ಕೊರೆಯುವ ಹಡಗುಹುಳು ಬದುಕುವುದು ಉಪ್ಪುನೀರಿನಲ್ಲಿಯೇ. ಡೆಕ್‌ನ ಕಥೆ ಬೇರೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ಸಿಹಿನೀರು ಮತ್ತು ಗಾಳಿ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯದು, ಶೇ. 25-30 ದಾಟಿದರೆ ಹಬ್ಬಲಾರಂಭಿಸುತ್ತದೆ. ಹಳೆಯ ನಾವಿಕರು ಡೆಕ್ಕನ್ನು ದಿನವೂ ಸಮುದ್ರದ ನೀರಿನಿಂದಲೇ ತೊಳೆಯುತ್ತಿದ್ದುದಕ್ಕೆ ಕಾರಣವಿತ್ತು. ಉಪ್ಪು ಮರದೊಳಗೆ ಉಳಿದು ಕಾಯುತ್ತಿತ್ತು, ಹಲಗೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತಿತ್ತು.

ಯಾಂತ್ರೀಕೃತ ಬೋಟಿನ ಡೆಕ್‌ಗೆ ಸಿಹಿನೀರು ಎರಡು ದಿಕ್ಕಿನಿಂದ ಬರುತ್ತದೆ. ಮೇಲಿನಿಂದ ಮಳೆ, ಕೆಳಗಿನಿಂದ ಮಂಜುಗಡ್ಡೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಮೀನು ಕೆಡದಂತಿಡಲು ರಾಶಿ ಮಂಜುಗಡ್ಡೆ ತುಂಬಿಕೊಂಡು ಹೊರಡುತ್ತವೆ. ಅದು ಕರಗಿದ ನೀರು, ಮೀನಿನ ಕೋಣೆಯ ತಣ್ಣನೆಯ ಗಾಳಿ, ಡೆಕ್ ಹಲಗೆಯ ಕೆಳಮೈಯಲ್ಲಿ ಕಟ್ಟುವ ಹನಿ ಇವೆಲ್ಲವೂ ಸಿಹಿನೀರೇ. ಕೋಣೆಯ ಬಾಯಿಯ ಸುತ್ತಲಿನ ಚೌಕಟ್ಟು, ವಿಂಚ್ ಕೂರಿಸಿದ ಬೋಲ್ಟುಗಳ ತೂತು, ಗ್ಯಾಲೋಸ್ ಕಂಬದ ಬುಡ ಎಲ್ಲಕ್ಕಿಂತ ಮೊದಲು ಮೆತ್ತಗಾಗುವುದು ಇದರಿಂದಲೇ. ಮಳೆಗಾಲದಲ್ಲಿ ಮನೆಯ ಜಂತಿಯ ಮರ ಗಟ್ಟಿಯಾಗಿದ್ದು ಗೋಡೆಯೊಳಗೆ ಸೇರಿದ ತುದಿ ಮಾತ್ರ ಕೊಳೆಯುವುದನ್ನು ಹೆಗಡೆಕಟ್ಟಾ ಸೀಮೆಯ ಹಳೆಯ ಮನೆಗಳವರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೋಟಿನಲ್ಲಿ ನಡೆಯುವುದೂ ಅದೇ.

ಎರಡು ತಿಂಗಳು ದಡದ ಮೇಲೆ ನಿಂತ ಬೋಟಿನ ಡೆಕ್‌ಗೆ ಉಪ್ಪುನೀರು ಒಂದು ಹನಿಯೂ ತಾಗದು. ಮಳೆನೀರು ಮಾತ್ರ ಹಗಲಿರುಳೂ ಬೀಳುತ್ತದೆ. ಹೀಗಾಗಿ ಡೆಕ್ ಅತಿಹೆಚ್ಚು ಸವೆಯುವುದು ಬೋಟು ದುಡಿಯುವ ಹತ್ತು ತಿಂಗಳುಗಳಲ್ಲಲ್ಲ, ವಿಶ್ರಾಂತಿಯ ಎರಡು ತಿಂಗಳುಗಳಲ್ಲಿ ಎಂದರೂ ನಡೆದೀತು.

ಘಟ್ಟದಲ್ಲಿ ಬೆಳೆದ ತೇಗ, ಕಡಲಿಗೆ ನಿಲುಕದ ತೇಗ

ಡೆಕ್‌ಗೆ ತೇಗಕ್ಕಿಂತ ಉತ್ತಮವಾದ ಮರವಿಲ್ಲ ಎಂಬುದರಲ್ಲಿ ಜಗತ್ತಿನಾದ್ಯಂತ ಒಮ್ಮತವಿದೆ. ಮರದೊಳಗೇ ಇರುವ ಎಣ್ಣೆ, ಬಿಸಿಲು-ಮಳೆಗೆ ಹೆಚ್ಚು ಹಿಗ್ಗದ ಕುಗ್ಗದ ಗುಣ, ಕಬ್ಬಿಣದ ಮೊಳೆಯನ್ನು ತಿನ್ನದ ಸ್ವಭಾವ, ಒದ್ದೆಯಾದಾಗಲೂ ಕಾಲು ಜಾರದ ಮೈ ಇವೆಲ್ಲ ಒಂದೇ ಮರದಲ್ಲಿ ಸೇರಿರುವುದು ಅಪರೂಪ. ಈ ಮರದ ತವರುಗಳಲ್ಲಿ ಉತ್ತರ ಕನ್ನಡವೂ ಒಂದು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದಾ ಭಾಗದ ಕಾಡುಗಳನ್ನು ದಾಖಲಿಸಿದ್ದಾನೆ. ಆ ಕಾಲದಲ್ಲಿ ಪಶ್ಚಿಮ ಕರಾವಳಿಯ ತೇಗದ ಮೇಲೆ ಕಣ್ಣಿಟ್ಟಿದ್ದುದು ಬೊಂಬಾಯಿಯ ಹಡಗುಕಟ್ಟೆ. ಅಲ್ಲಿ ವಾಡಿಯಾ ಮನೆತನದವರು ಬ್ರಿಟಿಷ್ ನೌಕಾಪಡೆಗೆ ಕಟ್ಟಿಕೊಟ್ಟ, 1817ರಲ್ಲಿ ನೀರಿಗಿಳಿದ ‘ಟ್ರಿಂಕಾಮಲೀ’ ಎಂಬ ತೇಗದ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ಮೇಲೂ ತೇಗದ ಬಾಳಿಕೆಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಇಂದು ಅದೇ ಜಿಲ್ಲೆಯ ಬೋಟು ಮಾಲೀಕನಿಗೆ ಇಡೀ ಡೆಕ್‌ಗೆ ತೇಗ ಹಾಸುವುದು ಕನಸಿನ ಮಾತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಆ ಬಳಿಕ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶ, ಇವುಗಳ ನಂತರ ಕಾಡಿನ ಮರ ಮೊದಲಿನಂತೆ ಇಳಿದುಬರುತ್ತಿಲ್ಲ. ಬರಬಾರದು ಕೂಡ, ಕಾಡು ಉಳಿದಿದ್ದರಿಂದಲೇ ಕಾಳಿ, ಅಘನಾಶಿನಿ, ಶರಾವತಿ ಹರಿಯುತ್ತಿವೆ. ದಾಂಡೇಲಿ, ಕಿರವತ್ತಿ ಡಿಪೋಗಳ ಹರಾಜಿನಲ್ಲಿ ಒಳ್ಳೆಯ ತೇಗಕ್ಕೆ ಪೈಪೋಟಿ ನಡೆಸುವವರು ಪೀಠೋಪಕರಣ ಮತ್ತು ಬಾಗಿಲು-ಕಿಟಕಿಯ ವ್ಯಾಪಾರಿಗಳು. ಬೋಟಿನ ಬಡಗಿ ಅವರ ಮುಂದೆ ನಿಲ್ಲಲಾರ. ಹೆಗಡೆಕಟ್ಟಾದ ರೈತನ ಸೊಪ್ಪಿನಬೆಟ್ಟದಲ್ಲಿ ಮರ ಕಣ್ಣೆದುರಿಗೆ ನಿಂತಿದ್ದರೂ ಆತನಿಗಿರುವುದು ಸೊಪ್ಪು-ದರಕಿನ ಸೌಲಭ್ಯವೇ ಹೊರತು ನಾಟಾ ಮಾರುವ ಹಕ್ಕಲ್ಲ.

ಹೊರದೇಶದ ಬಾಗಿಲೂ ಕಿರಿದಾಗಿದೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. 2021ರ ಸೇನಾ ದಂಗೆಯ ಬಳಿಕ ಅಲ್ಲಿನ ಸರ್ಕಾರಿ ಮರ ಉದ್ಯಮದ ಮೇಲೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದವು. ಬರ್ಮಾ ತೇಗದ ಡೆಕ್ಕನ್ನೇ ಪ್ರತಿಷ್ಠೆಯೆಂದು ತಿಳಿದಿದ್ದ ವಿಲಾಸಿ ನೌಕೆಗಳ ಮಾಲೀಕರೂ ಬದಲಿ ಹುಡುಕುವಂತಾಗಿದೆ. ತದಡಿಯ ಮೀನುಗಾರ ಅವರಿಗಿಂತ ಮೂರು ದಶಕ ಮೊದಲೇ ಆ ಹುಡುಕಾಟಕ್ಕೆ ಇಳಿದವನು.

ತೇಗವಿಲ್ಲದಿದ್ದಲ್ಲಿ ಹೆಬ್ಬಲಸು, ಮತ್ತಿ, ನಂದಿ, ಜಂಬೆಗಳು ಬಂದವು. ದೋಣಿಯ ಮೈಗೆ ಹೆಬ್ಬಲಸು ಹೇಳಿ ಮಾಡಿಸಿದ ಮರ. ಆದರೆ ಡೆಕ್ ಹಲಗೆಯಾಗಿ ಮತ್ತಿಯಂಥ ಮರಗಳು ಬಿಸಿಲಿಗೆ ಬಿರಿಯುತ್ತವೆ, ಮಳೆಗೆ ಹಿಗ್ಗುತ್ತವೆ. ಸಂದಿಗೆ ತುರುಕಿದ ಹತ್ತಿ ನೂಲು ಮತ್ತು ರಾಳ ವರ್ಷದೊಳಗೆ ಮೇಲೇಳುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡಿದ್ದ ಉಪಾಯ ಎಣ್ಣೆ. ಭೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಸೀಮೆಎಣ್ಣೆ ಬರುವ ಮೊದಲು ಘಟ್ಟದ ಮೇಲೆ ದೀಪಕ್ಕೆ ಉರಿಸುತ್ತಿದ್ದ ಹೊನ್ನೆ ಎಣ್ಣೆ ಇವುಗಳನ್ನು ಮರಕ್ಕೆ ಕುಡಿಸುತ್ತಿದ್ದರು. ಎಣ್ಣೆ ಹೊದಿಕೆಯಾಗಿ ಕೂರುವುದಿಲ್ಲ. ಮರದೊಳಗೆ ಇಳಿಯುತ್ತದೆ, ಒಳಗಿನ ತೇವ ಹೊರಹೋಗಲು ದಾರಿಯನ್ನೂ ಬಿಡುತ್ತದೆ. ಪ್ರತಿವರ್ಷ ಮಾಡಬೇಕು, ನಾರುತ್ತದೆ, ಅಂಟುತ್ತದೆ ಎಂಬುದು ನಿಜ. ಆದರೆ ಒಳಗೆ ಕೊಳೆಯುತ್ತಿರುವ ಮರವನ್ನು ಹೊರಗೆ ಹೊಳೆಯುವಂತೆ ತೋರಿಸುವ ಮೋಸ ಎಣ್ಣೆಯಲ್ಲಿಲ್ಲ.

ಆ ಮೋಸ ಇರುವುದು ಮುಂದಿನ ಹೊದಿಕೆಯಲ್ಲಿ.

ಫೈಬರ್: ಒಳ್ಳೆಯ ವಸ್ತು, ಕೆಟ್ಟ ಮುಹೂರ್ತ

ಗಾಜಿನ ನಾರಿನ ಮ್ಯಾಟ್‌ಗೆ ರಾಳ ಕುಡಿಸಿ ಮರದ ಮೇಲೆ ಅಂಟಿಸುವ ಫೈಬರ್ ಹೊದಿಕೆ ಇಂದು ಕರಾವಳಿಯಲ್ಲಿ ಮನೆಮಾತು. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದಂಥ ಅಗ್ಗದ ಮರವನ್ನು ರಾಸಾಯನಿಕದಿಂದ ಸಂಸ್ಕರಿಸಿ, ಫೈಬರ್ ಹೊದಿಸಿ ಸಣ್ಣ ದೋಣಿಗಳನ್ನು ಕಟ್ಟಿ ತೋರಿಸಿದೆ. ಸಂಸ್ಕರಣೆಗೆ ಬಳಸುವ ರಾಸಾಯನಿಕದಲ್ಲಿಯೂ ಮುಖ್ಯವಾದುದು ತಾಮ್ರ. ಅಡಿಕೆ ಕೊನೆಗೆ ಸಿಂಪಡಿಸುವ ಮೈಲುತುತ್ತದಲ್ಲಿರುವ ತಾಮ್ರವೇ. ಅಲ್ಲಿಯೂ ಇಲ್ಲಿಯೂ ಅದರ ಕೆಲಸ ಕೊಳೆಯನ್ನು ತಡೆಯುವುದು.

ಹೊಸ ಡೆಕ್ ಕಟ್ಟುವವರಿಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಾಸಿ, ಮೇಲೆ ಎರಡು-ಮೂರು ಪದರ ಫೈಬರ್ ಹೊದಿಸುವುದು ಖರ್ಚು ಮತ್ತು ತೂಕ ಎರಡರ ದೃಷ್ಟಿಯಿಂದಲೂ ಸಮಂಜಸ. 18 ಮಿ.ಮೀ. ಪ್ಲೈವುಡ್ ಮತ್ತು 3 ಮಿ.ಮೀ. ಫೈಬರ್ ಸೇರಿದರೆ ಚದರ ಮೀಟರಿಗೆ ಸುಮಾರು 17 ಕಿಲೋ. 35 ಮಿ.ಮೀ. ತೇಗದ ಹಲಗೆಗೆ ಸುಮಾರು 23 ಕಿಲೋ. 5 ಮಿ.ಮೀ. ಉಕ್ಕಿನ ತಗಡಿಗೆ 39 ಕಿಲೋ. ಡೆಕ್‌ನ ವಿಸ್ತಾರ 80 ಚದರ ಮೀಟರ್ ಎಂದು ಹಿಡಿದರೆ ಫೈಬರಿಗೂ ಉಕ್ಕಿಗೂ ನಡುವಿನ ವ್ಯತ್ಯಾಸವೇ ಒಂದೂಮುಕ್ಕಾಲು ಟನ್. ಮೇಲ್ಭಾಗದಲ್ಲಿ ಸೇರುವ ಈ ಭಾರ ಅಲೆಯಲ್ಲಿ ಬೋಟಿನ ಸ್ಥಿರತೆಯ ಲೆಕ್ಕಕ್ಕೆ ಬರುತ್ತದೆ.

ತೊಡಕಿರುವುದು ಹಳೆಯ ಡೆಕ್‌ಗೆ ಫೈಬರ್ ಹೊದಿಸುವಲ್ಲಿ. ಜೂನ್-ಜುಲೈನಲ್ಲಿ ಕರಾವಳಿಯ ಗಾಳಿಯ ಆರ್ದ್ರತೆ ಶೇ. 85-90ರ ಆಸುಪಾಸು. ಅಂಥ ಗಾಳಿಯಲ್ಲಿ, ಮಳೆ ತಾಗದಂತೆ ಇಟ್ಟ ಮರವೂ ಶೇ. 17ರಿಂದ 20ರಷ್ಟು ತೇವ ಹಿಡಿದುಕೊಂಡೇ ಇರುತ್ತದೆ. ಅದಕ್ಕಿಂತ ಒಣಗುವುದು ಸಾಧ್ಯವೇ ಇಲ್ಲ. ಫೈಬರ್ ಸರಿಯಾಗಿ ಹಿಡಿಯಲು ಮರದ ತೇವ ಶೇ. 15ರ ಒಳಗಿರಬೇಕು. ಮಳೆಯಲ್ಲಿ ನೆನೆದ ಹಲಗೆಯ ಮಾತಂತೂ ದೂರವೇ ಉಳಿಯಿತು. ಒಂದು ಮಧ್ಯಾಹ್ನ ಬಿಸಿಲು ಬಿತ್ತೆಂದು ಮೇಲ್ಮೈ ಒಣಗಿದ್ದನ್ನು ನೋಡಿ ರಾಳ ಬಳಿದರೆ ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿದಂತೆಯೇ. ಹೊರಗೆ ಗಾಜಿನಂತೆ ನುಣುಪಾದ ಡೆಕ್, ಒಳಗೆ ಶಿಲೀಂಧ್ರಕ್ಕೆ ಬೆಚ್ಚಗಿನ ಮನೆ. ಎರಡು-ಮೂರು ಋತು ಕಳೆದ ಮೇಲೆ ಹೊದಿಕೆ ಅಲ್ಲಲ್ಲಿ ಟೊಳ್ಳು ಸದ್ದು ಮಾಡುತ್ತದೆ. ಕಿತ್ತು ನೋಡಿದರೆ ಮರವಿದ್ದ ಜಾಗದಲ್ಲಿ ಕಪ್ಪು ಪುಡಿ.

ರಾಳದ ಆಯ್ಕೆಯಲ್ಲಿಯೂ ಜಾಣ್ಮೆ ಬೇಕು. ಅಗ್ಗದ ಪಾಲಿಯೆಸ್ಟರ್ ರಾಳ ಹಳೆಯ ಮರಕ್ಕೆ, ಅದರಲ್ಲಿಯೂ ಎಣ್ಣೆ ಕುಡಿದ ಮರಕ್ಕೆ ಮತ್ತು ತೇಗಕ್ಕೆ, ಗಟ್ಟಿಯಾಗಿ ಅಂಟದು. ಎಪಾಕ್ಸಿ ಅಂಟುತ್ತದೆ, ಆದರೆ ಬೆಲೆ ಹಲವು ಪಟ್ಟು ಹೆಚ್ಚು. ಆರ್ದ್ರ ಗಾಳಿಯಲ್ಲಿ ಎಪಾಕ್ಸಿಯ ಮೇಲೂ ಮೇಣದಂಥ ತೆಳುಪೊರೆ ಕಟ್ಟುತ್ತದೆ; ಅದನ್ನು ತೊಳೆಯದೆ ಮುಂದಿನ ಪದರ ಹಾಕಿದರೆ ಎರಡೂ ಬೇರೆಬೇರೆಯಾಗುತ್ತವೆ. ವರ್ಷಗಳ ಕಾಲ ಮೀನೆಣ್ಣೆ ಕುಡಿಸಿದ ಡೆಕ್‌ಗೆ ಈಗ ಫೈಬರ್ ಹೊದಿಸುವುದಕ್ಕಿಂತ ಎಣ್ಣೆಯನ್ನೇ ಮುಂದುವರಿಸುವುದು, ಕೊಳೆತ ಹಲಗೆಗಳನ್ನಷ್ಟೇ ಬದಲಿಸುವುದು ಲೇಸು. ಹೊದಿಕೆ ಹಾಕಿಸಲೇಬೇಕೆಂದಾದರೆ ಹಲಗೆ ಕಿತ್ತು ಪ್ಲೈವುಡ್ ಹಾಸಬೇಕು, ಪ್ರತಿ ಬೋಲ್ಟಿನ ತೂತನ್ನೂ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ ಮತ್ತೆ ಕೊರೆಯಬೇಕು. ಈ ಕೊನೆಯ ಕೆಲಸ ಬೇಸರದ್ದು, ಯಾರ ಕಣ್ಣಿಗೂ ಬೀಳದ್ದು. ಹಾಗಾಗಿ ಗುತ್ತಿಗೆ ಕೆಲಸದಲ್ಲಿ ಮೊದಲು ತಪ್ಪಿಹೋಗುವುದೂ ಅದೇ.

ಉಕ್ಕಿಗೂ ಬಿಡದ ತೇವ

ಹಾಗಾದರೆ ಉಕ್ಕಿನ ಬೋಟುಗಳವರು ನಿಶ್ಚಿಂತರೇ? ಮಂಗಳೂರು, ಮಲ್ಪೆಗಳಲ್ಲಿ ದೊಡ್ಡ ಬೋಟುಗಳು ಉಕ್ಕಿನತ್ತ ಹೊರಳಿ ವರ್ಷಗಳೇ ಆದವು. ಉಕ್ಕು ಕೊಳೆಯದು, ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯಲು ಮರಳು ಊದಿ ಮೈ ಬೆಳ್ಳಗಾಗುವವರೆಗೆ ಉಜ್ಜಿ, ಸತು ಬೆರೆತ ಪ್ರೈಮರ್, ಮೇಲೆ ಎಪಾಕ್ಸಿ ಬಣ್ಣ ಬಳಿಯುವುದು ಕ್ರಮ. ಬಣ್ಣ ಬಳಿಯುವಾಗ ಗಾಳಿಯ ಆರ್ದ್ರತೆ ಶೇ. 85ರ ಒಳಗಿರಬೇಕು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎಂಬುದು ಬಣ್ಣದ ಕಂಪನಿಗಳೇ ವಿಧಿಸುವ ಷರತ್ತು. ಆಷಾಢದ ಮಳೆಯಲ್ಲಿ ಈ ಷರತ್ತು ಪೂರೈಸುವ ಗಂಟೆಗಳನ್ನು ಹುಡುಕಬೇಕಾಗುತ್ತದೆ. ಊದಿ ಉಜ್ಜಿದ ಉಕ್ಕು ಮಧ್ಯಾಹ್ನದೊಳಗೆ ಮತ್ತೆ ಕೆಂಪಗಾಗುವುದನ್ನು ಬಂದರಿನಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು. ಬಲೆಯ ತೂಕದ ಗುಂಡು, ಟ್ರಾಲ್ ಹಲಗೆಗಳು ದಿನವೂ ಬಿದ್ದು ಎಳೆದಾಡುವ ಹಿಂಭಾಗದಲ್ಲಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸವೆಯುತ್ತದೆ. ಅಲ್ಲಿ ಸವೆತಕ್ಕೆಂದೇ ಮರದ ಪಟ್ಟಿ ಅಥವಾ ಹೆಚ್ಚುವರಿ ತಗಡು ಕೂರಿಸುವುದು ಜಾಣತನ. ಏಪ್ರಿಲ್ ಬಿಸಿಲಿನಲ್ಲಿ ಉಕ್ಕಿನ ಡೆಕ್ ಮೇಲೆ ಬರಿಗಾಲಿಡುವುದು ಕಷ್ಟವೆಂಬುದು ಬೇರೆ ಮಾತು.

ಶಿರಸಿ, ಸಿದ್ದಾಪುರ ಭಾಗದವರಿಗೆ ಪರಿಚಯವಿರುವ ಉಕ್ಕಿನ ಡೆಕ್ ಎಂದರೆ ಸಿಗಂದೂರಿಗೆ ಹೋಗುವ ಹೊಳೆಬಾಗಿಲಿನ ಲಾಂಚ್. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಬಸ್ಸು-ಕಾರುಗಳನ್ನು ಹೊತ್ತು ಸಾಗಿದ್ದು ಆ ಲಾಂಚುಗಳೇ. ಚಕ್ರ ಉರುಳುವಲ್ಲಿ ಉಕ್ಕಿಗೆ ಬದಲಿಯಿಲ್ಲ, ಹಿನ್ನೀರಿನ ಸಿಹಿನೀರಿನಲ್ಲಿ ತುಕ್ಕಿನ ವೇಗವೂ ಕಡಿಮೆ. ಅದೇ ಉದಾಹರಣೆಯನ್ನು ಕಡಲಿಗೆ ಅನ್ವಯಿಸಲಾಗದು. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಓಡುವ ಪ್ರವಾಸಿ ದೋಣಿಗಳಿಗೆ ತೇಗದ ಬಣ್ಣದ ಪಿವಿಸಿ ಹಾಳೆ, ಫೋಮ್ ಹಾಳೆಗಳೂ ಮಾರುಕಟ್ಟೆಯಲ್ಲಿವೆ. ನೋಡಲು ಅಂದ, ಕಾಲಿಗೆ ಹಿತ. ಅಂಚಿನ ಅಂಟು ಬಿಟ್ಟರೆ ಕೆಳಗೆ ನೀರು ನಿಲ್ಲುತ್ತದೆ ಎಂಬುದನ್ನು ಮರೆಯಬಾರದಷ್ಟೆ.

ಯಾವ ಹೊದಿಕೆಯಾದರೂ ಜಾರಬಾರದು. ನಯವಾದ ಡೆಕ್ ಮೇಲೆ ಮೀನಿನ ಲೋಳೆ, ಡೀಸೆಲ್, ಮಳೆಹನಿ ಸೇರಿದರೆ ರಾತ್ರಿ ಬಲೆ ಎಳೆಯುವವನ ಜೀವಕ್ಕೇ ಸಂಚಕಾರ. ಕೊನೆಯ ಪದರ ಹಸಿಯಾಗಿರುವಾಗ ತೊಳೆದು ಒಣಗಿಸಿದ, ಜರಡಿ ಹಿಡಿದ ಮರಳನ್ನು ಉದುರಿಸಿ ಮೇಲೆ ಇನ್ನೊಂದು ಪದರ ಬಳಿಯುವ ಹಳೆಯ ಪದ್ಧತಿ ಇಂದಿಗೂ ಉತ್ತಮ. ಖರ್ಚು ನಗಣ್ಯ. ಆದರೂ ಹೊಳಪಿನ ಆಸೆಗೆ ಹಲವರು ಇದನ್ನು ಕೈಬಿಡುತ್ತಾರೆ. ಜಾರಿ ಬೀಳುವುದು ಹೊಳಪು ಬಯಸಿದ ಮಾಲೀಕನಲ್ಲ, ಕೂಲಿಗೆ ಬಂದ ಕಲಾಸಿ.

ಬೇಕಿರುವುದು ಸೂರು

ಮರ, ಫೈಬರ್, ಉಕ್ಕು ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಮೂರಕ್ಕೂ ಬೇಕಾಗಿರುವುದು ಒಣ ದಿನಗಳು. ಏಪ್ರಿಲ್-ಮೇ ತಿಂಗಳಲ್ಲಿ ಹತ್ತು-ಹದಿನೈದು ದಿನ ಮೀನುಗಾರಿಕೆ ನಿಲ್ಲಿಸಿ ಡೆಕ್ ಕೆಲಸ ಮುಗಿಸಿಕೊಳ್ಳಿ ಎಂದು ಉಪದೇಶಿಸುವುದು ಸುಲಭ. ಮೀನು ವ್ಯಾಪಾರಿಯಿಂದ ಮುಂಗಡ ಪಡೆದು, ಡೀಸೆಲ್ ಬಾಕಿ ಉಳಿಸಿಕೊಂಡು, ಋತುವಿನ ಕೊನೆಯ ದಿನಗಳ ಮೀನಿನಲ್ಲಿ ಸಾಲ ತೀರಿಸಬೇಕಾದ ಮಾಲೀಕನಿಗೆ ಅದು ಪಥ್ಯವಾಗದು. ಎರಡು-ಮೂರು ಬೋಟುಗಳಿರುವವರು ಸರದಿಯಂತೆ ಒಂದನ್ನು ನಿಲ್ಲಿಸಬಲ್ಲರು. ಒಂದೇ ಬೋಟಿನವನಿಗೆ ಆ ದಾರಿಯಿಲ್ಲ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ. ಸಾಂಪ್ರದಾಯಿಕ ಮೀನುಗಾರರು ಆಳಸಮುದ್ರದ ಹೊಸ ಬೋಟು ಕೊಳ್ಳಲು 1.20 ಕೋಟಿ ರೂಪಾಯಿ ಘಟಕ ವೆಚ್ಚವನ್ನು ಅದರಲ್ಲಿ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇ. 60 ನೆರವು ಗೊತ್ತುಮಾಡಲಾಗಿತ್ತು. ಹೊಸ ಬೋಟಿಗೆ ನೆರವು ಸ್ವಾಗತಾರ್ಹ. ಆದರೆ ಆ ಹೊಸ ಬೋಟೂ ಮೊದಲ ಜೂನ್‌ನಲ್ಲಿ ಬಂದು ನಿಲ್ಲುವುದು ತೆರೆದ ಆಕಾಶದ ಕೆಳಗೆ. ಬಂದರು ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಹೂಳೆತ್ತುವುದು, ಜೆಟ್ಟಿ, ಹರಾಜು ಕಟ್ಟೆ, ಮಂಜುಗಡ್ಡೆ ಘಟಕಗಳ ಪ್ರಸ್ತಾಪವಾಗುತ್ತದೆ. ದುರಸ್ತಿ ಅಂಗಳಕ್ಕೊಂದು ಎತ್ತರದ ಸೂರು, ಬದಿಗಳಲ್ಲಿ ಗಾಳಿಯಾಡುವಂತೆ ತೆರೆದು ಡೆಕ್‌ಗೆ ಮಾತ್ರ ಮಳೆ ತಾಗದಂತಹ ಚಾವಣಿ, ಈ ಪಟ್ಟಿಯಲ್ಲಿ ಕೊನೆಗಾದರೂ ಸೇರಬೇಕು. ಒಂದು ಬಂದರಿನ ಎಲ್ಲ ಬೋಟುಗಳಿಗೂ ಅದು ಸಾಲದಿರಬಹುದು. ಐದು-ಆರು ಬೋಟುಗಳಿಗೆ ಸರದಿಯಲ್ಲಿ ಹತ್ತು ದಿನ ಸಿಕ್ಕರೂ ಎರಡು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಡೆಕ್‌ಗಳು ಒಣ ಜಾಗದಲ್ಲಿ ಹೊದಿಕೆ ಕಂಡಾವು.

ನಾಡದೋಣಿಗಳ ಕಾಲದಲ್ಲಿ ಈ ಕೆಲಸವನ್ನು ತೆಂಗಿನ ಗರಿಯ ಚಪ್ಪರ ಮಾಡುತ್ತಿತ್ತು. ಮಳೆಗೆ ಮುನ್ನ ದೋಣಿಯನ್ನು ದಡಕ್ಕೆಳೆದು ಮೇಲೆ ಹೆಣೆದ ಗರಿ ಹೊದಿಸಿದರೆ ಮಳೆ ಹೊರಗೆ, ಗಾಳಿ ಒಳಗೆ. ಘಟ್ಟದ ಮೇಲೆ ಅಡಿಕೆ ಸೋಗೆಯ ಚಾವಣಿಯದೂ ಅದೇ ಗುಣ. ಇಂದು ಡೆಕ್ ಮೇಲೆ ಬಿಗಿಯಾಗಿ ಕಟ್ಟುವ ಪ್ಲಾಸ್ಟಿಕ್ ತಾಡಪಾಲು ಮಳೆಯನ್ನು ತಡೆದರೂ ಕೆಳಗೆ ಬೆವರು ಕಟ್ಟಿಸುತ್ತದೆ. ಅಡಿಕೆ ದಬ್ಬೆಯ ಅಟ್ಟಣೆ ಕಟ್ಟಿ, ತಾಡಪಾಲನ್ನು ಡೆಕ್‌ನಿಂದ ಆಳೆತ್ತರ ಮೇಲಕ್ಕೆ, ಎರಡೂ ತುದಿ ತೆರೆದಂತೆ ಎಳೆದು ಕಟ್ಟಿದರೆ ಪರಿಸ್ಥಿತಿ ಬಹಳಷ್ಟು ಸುಧಾರಿಸುತ್ತದೆ.

ಹೊದಿಕೆಗೆ ಕೈಹಾಕುವ ಮೊದಲು ಒಂದು ಚಿಕ್ಕ ಪರೀಕ್ಷೆಯನ್ನು ಯಾವ ಮಾಲೀಕನೂ ಮಾಡಿನೋಡಬಹುದು. ಮೊಳದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಡೆಕ್‌ಗೆ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಂದು ರಾಳದ ಡಬ್ಬಿ ತೆರೆಯುವಂತಿಲ್ಲ. ಹನಿ ಕಾಣದಿದ್ದರೂ ಮಂಜುಗಡ್ಡೆ ಕೋಣೆಯ ಬಾಯಿಯ ಬಳಿ ಮತ್ತು ವಿಂಚ್ ಬುಡದಲ್ಲಿ ಇನ್ನೊಮ್ಮೆ ಹಾಳೆ ಅಂಟಿಸಿ ನೋಡುವುದು ಕ್ಷೇಮ.